ಬಾಡಿಗೆಯ ಮೋಡ, ಪರರ ಕೈಯಲ್ಲಿ ಕೀಲಿಕೈ

2025ರ ಜುಲೈ 22ರಂದು ನಯಾರಾ ಎನರ್ಜಿ ಕಂಪೆನಿಯ ಸಿಬ್ಬಂದಿಗೆ ತಮ್ಮದೇ ಇ-ಮೇಲ್ ತೆರೆಯಲಾಗಲಿಲ್ಲ. ಇದು ಸಣ್ಣ ಕಂಪೆನಿಯಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಕಾರ್ಖಾನೆಯೂ ದೇಶದ ಉದ್ದಗಲಕ್ಕೆ ಆರು ಸಾವಿರಕ್ಕೂ ಮಿಕ್ಕಿ ಪೆಟ್ರೋಲ್ ಬಂಕ್‌ಗಳೂ ಅದಕ್ಕಿವೆ. ಅಂದು ಅಲ್ಲಿ ವಿದ್ಯುತ್ ಹೋಗಿರಲಿಲ್ಲ, ವೈರಸ್ ಬಂದಿರಲಿಲ್ಲ, ಕಳ್ಳರು ನುಗ್ಗಿರಲಿಲ್ಲ. ಹಣ ಪೂರ್ತಿ ಪಾವತಿಯಾಗಿದೆ ಎಂದೇ ಕಂಪೆನಿ ಹೇಳಿತು. ಆದರೂ ಮೈಕ್ರೋಸಾಫ್ಟ್ ತನ್ನ ಸೇವೆಯನ್ನು ನಿಲ್ಲಿಸಿತ್ತು.

ಕಾರಣವಿದ್ದದ್ದು ಯುರೋಪಿನಲ್ಲಿ. ನಯಾರಾದ ಶೇ. 49.13ರಷ್ಟು ಪಾಲು ರಷ್ಯಾದ ರೋಸ್‌ನೆಫ್ಟ್ ಕಂಪೆನಿಯದ್ದು. ಜುಲೈ 18ರಂದು ಐರೋಪ್ಯ ಒಕ್ಕೂಟ ಹೊರಡಿಸಿದ ನಿರ್ಬಂಧಗಳ ಪಟ್ಟಿಯಲ್ಲಿ ನಯಾರಾದ ಹೆಸರಿತ್ತು. ಭಾರತದ ಕಾನೂನು ಈ ನಿರ್ಬಂಧವನ್ನು ಹೇರಿರಲಿಲ್ಲ, ಭಾರತ ಸರಕಾರ ಅದನ್ನು ಒಪ್ಪಿಯೂ ಇರಲಿಲ್ಲ. ಭಾರತದಲ್ಲಿ ನೋಂದಣಿಯಾದ ಕಂಪೆನಿ, ಭಾರತದ ನೆಲದಲ್ಲಿ ಮಾಡುವ ವ್ಯವಹಾರ, ಭಾರತೀಯ ನೌಕರರು. ಆದರೂ ಬೀಗ ಬಿತ್ತು. ನಯಾರಾ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ಜುಲೈ 30ರ ಹೊತ್ತಿಗೆ ಸೇವೆ ಮರಳಿತು, ಅರ್ಜಿಯನ್ನು ಹಿಂದೆಗೆದುಕೊಳ್ಳಲಾಯಿತು, ಪ್ರಕರಣ ಮುಗಿಯಿತು.

ಪತ್ರಿಕೆಗಳಿಗೆ ಅದು ರಾಜತಾಂತ್ರಿಕ ಸುದ್ದಿಯಾಗಿತ್ತು. ಎರಡು ವಾರಗಳಲ್ಲಿ ಮರೆಯಾಯಿತು. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ದೊಡ್ಡ ವಕೀಲರನ್ನಿಟ್ಟು ದಿಲ್ಲಿಯಲ್ಲಿ ಮೊಕದ್ದಮೆ ಹೂಡುವ ತಾಕತ್ತಿದ್ದ ಕಂಪೆನಿಗೇ ಒಂದು ವಾರ ತನ್ನ ಪತ್ರಗಳನ್ನು ತಾನು ಓದಲಾಗದ ಸ್ಥಿತಿ ಬಂದರೆ, ಭಟ್ಕಳದ ಬಟ್ಟೆ ವ್ಯಾಪಾರಿಯ ಗತಿಯೇನು? ಮಂಗಳೂರಿನ ನರ್ಸಿಂಗ್ ಹೋಮಿನ, ದಾವಣಗೆರೆಯ ಸಹಕಾರಿ ಸಂಘದ, ಬೆಂಗಳೂರಿನ ಶಿವಾಜಿನಗರದ ಬಿಡಿಭಾಗಗಳ ಅಂಗಡಿಯ ಗತಿಯೇನು? ಅವರೆಲ್ಲರ ಲೆಕ್ಕಪತ್ರ ಇಂದು ಎಲ್ಲಿದೆ? ಅದರ ಕೀಲಿಕೈ ಯಾರ ಬಳಿ ಇದೆ?

ಮೋಡವಲ್ಲ, ಮತ್ತೊಬ್ಬರ ಮನೆ

'ಕ್ಲೌಡ್' ಎಂಬ ಹೆಸರೇ ಮೊದಲ ಮೋಸ. ಮೋಡವೆಂದಾಗ ಅದು ಎಲ್ಲರ ತಲೆಯ ಮೇಲಿರುವ, ಯಾರ ಸ್ವತ್ತೂ ಅಲ್ಲದ, ತಾನಾಗಿ ಮಳೆ ಸುರಿಸುವ ವಸ್ತುವೆಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಅದು ನೆಲಕ್ಕೆ ಕಟ್ಟಿದ ಗೋದಾಮು. ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಪೇರಿಸಿ, ಹಗಲಿರುಳು ವಿದ್ಯುತ್ ಉಣಿಸಿ, ಕಾಯದಂತೆ ತಂಪು ಮಾಡಿ ಇರಿಸಿದ ಕಟ್ಟಡ. ಅದಕ್ಕೊಬ್ಬ ಯಜಮಾನನಿದ್ದಾನೆ. ಆ ಯಜಮಾನನ ಮೇಲೆ ಅವನ ದೇಶದ ಕಾನೂನಿದೆ.

ಇದರ ಬೆನ್ನೆಲುಬು ವರ್ಚುವಲೈಸೇಶನ್. ಅಂದರೆ ಒಂದೇ ಯಂತ್ರದೊಳಗೆ ತಂತ್ರಾಂಶದ ಗೋಡೆಗಳನ್ನೆಬ್ಬಿಸಿ, ಹತ್ತಾರು ಯಂತ್ರಗಳಿರುವಂತೆ ನಡೆಸುವುದು. ದೊಡ್ಡ ಮನೆಯೊಂದನ್ನು ಭಾಗ ಮಾಡಿ ಹತ್ತು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟ ಹಾಗೆ. ಪ್ರತಿಯೊಂದು ಸಂಸಾರವೂ ತನ್ನದು ಪ್ರತ್ಯೇಕ ಮನೆ ಎಂದೇ ತಿಳಿದಿರುತ್ತದೆ. ಆದರೆ ಅಡಿಪಾಯ ಒಂದೇ, ನೀರಿನ ಪೈಪು ಒಂದೇ, ಬೆಂಕಿ ಬಿದ್ದರೆ ಸುಡುವುದೂ ಒಟ್ಟಿಗೇ. ಐಬಿಎಂ ಕಂಪೆನಿ 1960ರ ದಶಕದಲ್ಲೇ ತನ್ನ ದೊಡ್ಡ ಗಣಕಗಳಲ್ಲಿ ಈ ವಿದ್ಯೆಯನ್ನು ಪ್ರಯೋಗಿಸಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಅದನ್ನು ಸಾಮಾನ್ಯ ಸರ್ವರುಗಳಿಗೆ ತಂದಿತು. 2006ರಲ್ಲಿ ಅಮೆಜಾನ್ ಇದೇ ವಿದ್ಯೆಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು.

ಇದರಿಂದ ಉಪಕಾರವಾಗಿಲ್ಲವೆಂದು ನಾವು ಹೇಳುತ್ತಿಲ್ಲ. ಲಕ್ಷಗಟ್ಟಲೆ ಸುರಿದು ಸರ್ವರ್ ಕೊಳ್ಳಲಾಗದ ಯುವಕನೊಬ್ಬ ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಉದ್ಯಮ ಆರಂಭಿಸಬಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ದೇಶಕ್ಕೇ ಬೀಗ ಬಿದ್ದಾಗ ಎಷ್ಟೋ ಕಚೇರಿಗಳು, ಶಾಲೆಗಳು ನಡೆದದ್ದು ಇದೇ ಬಾಡಿಗೆ ಯಂತ್ರಗಳ ಮೇಲೆ. ಬಾಡಿಗೆ ಮನೆಯಲ್ಲಿರುವುದು ಪಾಪವೂ ಅಲ್ಲ, ಅವಮಾನವೂ ಅಲ್ಲ. ಆದರೆ ಕರಾರುಪತ್ರ ಓದದೆ, ಮುಂಗಡ ವಾಪಸಾಗುವ ಷರತ್ತು ಕೇಳದೆ, ಮನೆಯ ಕೀಲಿಯ ಒಂದು ಪ್ರತಿಯನ್ನೂ ಇಟ್ಟುಕೊಳ್ಳದೆ, ಮಡದಿ ಮಕ್ಕಳ ಸಮೇತ ಒಡವೆ ವಸ್ತುಗಳನ್ನೂ ತಂದಿಡುವವನನ್ನು ಬುದ್ಧಿವಂತನೆಂದು ಯಾರೂ ಕರೆಯುವುದಿಲ್ಲ. ನಮ್ಮ ಉದ್ಯಮಗಳು ಮಾಡುತ್ತಿರುವುದು ಇದನ್ನೇ, ಅದೂ 'ಆಧುನಿಕತೆ'ಯ ಹೆಸರಿನಲ್ಲಿ.

ಯಜಮಾನ ಬದಲಾದಾಗ

ಸ್ವಂತ ಸರ್ವರ್ ಇಟ್ಟುಕೊಂಡವರಾದರೂ ಸುರಕ್ಷಿತರೇ? ಅಲ್ಲ ಎಂಬುದನ್ನು ವಿಎಂವೇರ್ ಪ್ರಕರಣ ತೋರಿಸಿಕೊಟ್ಟಿದೆ. ಜಗತ್ತಿನ ಸಾವಿರಾರು ಕಂಪೆನಿಗಳು, ಬ್ಯಾಂಕುಗಳು, ಆಸ್ಪತ್ರೆಗಳು ತಮ್ಮದೇ ಕಟ್ಟಡದಲ್ಲಿ ತಮ್ಮದೇ ಯಂತ್ರಗಳನ್ನಿಟ್ಟು ಅವುಗಳ ಮೇಲೆ ವಿಎಂವೇರ್ ತಂತ್ರಾಂಶ ಓಡಿಸುತ್ತಿದ್ದವು. ಒಮ್ಮೆ ಹಣ ಕೊಟ್ಟರೆ ಶಾಶ್ವತ ಲೈಸನ್ಸ್ ಸಿಗುತ್ತಿತ್ತು. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಎಂಬ ಇನ್ನೊಂದು ಅಮೆರಿಕನ್ ಕಂಪೆನಿ ವಿಎಂವೇರನ್ನು ಕೊಂಡುಕೊಂಡಿತು. ಮರುತಿಂಗಳೇ ಶಾಶ್ವತ ಲೈಸನ್ಸಿನ ಮಾರಾಟ ನಿಂತಿತು. ಇನ್ನು ಮುಂದೆ ಚಂದಾ ಕಟ್ಟಬೇಕು, ಅದೂ ಬಿಡಿಯಾಗಿ ಅಲ್ಲ, ಬೇಕಾದದ್ದು ಬೇಡವಾದದ್ದು ಎಲ್ಲ ಸೇರಿಸಿದ ಕಟ್ಟನ್ನೇ ಕೊಳ್ಳಬೇಕು ಎಂಬ ಹೊಸ ನಿಯಮ ಬಂತು.

ಅಮೆರಿಕದ ದೈತ್ಯ ದೂರವಾಣಿ ಕಂಪೆನಿ ಎಟಿ ಅಂಡ್ ಟಿ 2024ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ತನ್ನ ಮುಂದಿಟ್ಟ ಬೆಲೆಯೇರಿಕೆ ಶೇ. 1,050ರಷ್ಟು ಎಂದು ಅದು ದೂರಿತು. ಕೊನೆಗೆ ಅದೇ ವರ್ಷ ಇಬ್ಬರೂ ರಾಜಿ ಮಾಡಿಕೊಂಡರು. 2025ರಲ್ಲಿ ಬ್ರಿಟನ್ನಿನ ಟೆಸ್ಕೋ ಅಂಗಡಿ ಸರಣಿಯೂ ಲಂಡನ್ನಿನಲ್ಲಿ ದಾವೆ ಹೂಡಿತು. ತಾನು 2021ರಲ್ಲಿ ಹಣ ಕೊಟ್ಟು ಪಡೆದ ಶಾಶ್ವತ ಲೈಸನ್ಸಿಗೆ ಸಿಗಬೇಕಾದ ಬೆಂಬಲ ಸಿಗುತ್ತಿಲ್ಲವೆಂಬುದು ಅದರ ವಾದ. 'ಶಾಶ್ವತ' ಎಂಬ ಪದಕ್ಕೆ ತಂತ್ರಾಂಶ ವ್ಯಾಪಾರಿಗಳ ನಿಘಂಟಿನಲ್ಲಿ ಎಷ್ಟು ಆಯುಷ್ಯವಿದೆ ಎಂದು ಇದರಿಂದ ತಿಳಿಯಬಹುದು. ಹಳೆಯ ತಂತ್ರಾಂಶವನ್ನು ಹಾಗೆಯೇ ಬಳಸುತ್ತೇವೆ ಎಂದರೆ ಅದರಲ್ಲೂ ಅಪಾಯವಿದೆ. 2023ರ ಫೆಬ್ರವರಿಯಲ್ಲಿ ಸುಲಿಗೆಕೋರರು ದಾಳಿಯಿಟ್ಟದ್ದು ದುರಸ್ತಿಯಾಗದೆ ಉಳಿದಿದ್ದ ಹಳೆಯ ವಿಎಂವೇರ್ ಸರ್ವರುಗಳ ಮೇಲೆಯೇ. ದುರಸ್ತಿಗೆ ಬೇಕಾದ ತಂತ್ರಾಂಶ ಎರಡು ವರ್ಷಗಳ ಹಿಂದೆಯೇ ಬಂದಿತ್ತು. ಗೋಡೆಗಳನ್ನೆಬ್ಬಿಸುವ ಆ ಒಂದು ತಂತ್ರಾಂಶ ವಶವಾದರೆ ಸಾಕು, ಅದರೊಳಗಿನ ಹತ್ತಾರು 'ಮನೆ'ಗಳೂ ಒಟ್ಟಿಗೇ ವಶವಾಗುತ್ತವೆ.

ಸ್ವದೇಶಿ ಎಂಬ ಮಂತ್ರದಂಡ

ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ಗುಂಪು 'ಸ್ವದೇಶಿ' ಎಂದು ಕೂಗೆಬ್ಬಿಸುತ್ತದೆ. ದೇಶದ ಕಂಪೆನಿಗಳು ಬೆಳೆಯಬೇಕು, ನಿಜ. ಆದರೆ ಪರದೇಶಿ ಯಜಮಾನನ ಜಾಗದಲ್ಲಿ ಸ್ವದೇಶಿ ಯಜಮಾನನನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಭ್ರಮೆ.

2024ರ ಜುಲೈ 31ರ ಘಟನೆಯನ್ನು ನೆನಪಿಸಿಕೊಳ್ಳಿ. ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪೆನಿ ಸಹಕಾರಿ ಬ್ಯಾಂಕುಗಳಿಗೆ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಗಣಕ ವ್ಯವಸ್ಥೆ ಒದಗಿಸುತ್ತದೆ. ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಕಂಪೆನಿ ಅದು. ಇದಕ್ಕಿಂತ ಸ್ವದೇಶಿ ಬೇಕೇ? ಅದರ ಮೇಲೆ ಸುಲಿಗೆಕೋರ ತಂತ್ರಾಂಶದ ದಾಳಿಯಾಯಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಸಿ-ಎಡ್ಜ್‌ನ ಸಂಪರ್ಕವನ್ನೇ ಕಡಿದು ಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಇಲ್ಲ, ಎಟಿಎಂ ಇಲ್ಲ. ದೇಶದ ಒಟ್ಟು ಪಾವತಿಯಲ್ಲಿ ಈ ಬ್ಯಾಂಕುಗಳ ಪಾಲು ಶೇ. 0.5ರ ಆಸುಪಾಸು ಎಂದು ಆಗ ಸಮಾಧಾನ ಹೇಳಲಾಯಿತು. ಅಂಕಿಅಂಶ ಸರಿಯಿರಬಹುದು. ಆದರೆ ಆ ಅರ್ಧ ಶೇಕಡಾದೊಳಗೆ ಇದ್ದವರು ಯಾರು? ದೊಡ್ಡ ಬ್ಯಾಂಕುಗಳು ಬಾಗಿಲಲ್ಲೇ ನಿಲ್ಲಿಸುವ ರೈತ, ನೇಕಾರ, ಬೀದಿ ವ್ಯಾಪಾರಿ. ಒಂದು ದಿನದ ವಹಿವಾಟು ನಿಂತರೆ ಮರುದಿನದ ಬಂಡವಾಳಕ್ಕೇ ತತ್ವಾರವಾಗುವವರು. 300 ಬ್ಯಾಂಕುಗಳೆಂದರೆ 300 ಆಡಳಿತ ಮಂಡಳಿಗಳು, 300 ಫಲಕಗಳು, ಆದರೆ ಬಾಗಿಲು ಮಾತ್ರ ಒಂದೇ. ಅದು ಮುಚ್ಚಿದಾಗಷ್ಟೇ ಗ್ರಾಹಕರಿಗೆ ಈ ಸತ್ಯ ಗೊತ್ತಾಯಿತು.

ಸರಕಾರವೇ ಯಜಮಾನನಾದರೂ ಅಷ್ಟೇ. ದಕ್ಷಿಣ ಕೊರಿಯಾ ತಂತ್ರಜ್ಞಾನದಲ್ಲಿ ಹಿಂದುಳಿದ ದೇಶವಲ್ಲ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದಲ್ಲಿರುವ ಅದರ ಸರಕಾರಿ ಡಾಟಾ ಸೆಂಟರಿನಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ನೂರಾರು ಸರಕಾರಿ ಸೇವೆಗಳು ಸ್ಥಗಿತಗೊಂಡವು. ಸರಕಾರಿ ನೌಕರರು ಕಡತಗಳನ್ನಿಡುತ್ತಿದ್ದ 'ಜಿ-ಡ್ರೈವ್' ಎಂಬ ಸರಕಾರಿ ಕ್ಲೌಡ್‌ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ. ಅದು ತೀರಾ ದೊಡ್ಡದು, ಹಾಗಾಗಿ ಪ್ರತಿ ಇಟ್ಟಿಲ್ಲ ಎಂಬ ಉತ್ತರ ಬಂತು.

ಆದ್ದರಿಂದ ಯಜಮಾನನ ಪಾಸ್‌ಪೋರ್ಟು ಯಾವ ದೇಶದ್ದು ಎಂಬುದೊಂದೇ ಪ್ರಶ್ನೆಯಲ್ಲ. ಬೀಗ ಬಿದ್ದಾಗ, ಬೆಂಕಿ ಬಿದ್ದಾಗ ನಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದು ಪ್ರಶ್ನೆ.

ಗಾಝಾ ಕಲಿಸಿದ ಪಾಠ

ಇಲ್ಲಿ ನಮ್ಮ ಓದುಗರಿಗೆ ಹತ್ತಿರವಾದ ಒಂದು ಉದಾಹರಣೆ ಕೊಡಬೇಕು. ಇಸ್ರೇಲಿನ ಗುಪ್ತಚರ ದಳವಾದ 'ಯೂನಿಟ್ 8200' ಫೆಲೆಸ್ತೀನಿಯರ ಲಕ್ಷಾಂತರ ದೂರವಾಣಿ ಸಂಭಾಷಣೆಗಳನ್ನು ಮೈಕ್ರೋಸಾಫ್ಟ್ ಕ್ಲೌಡ್‌ನಲ್ಲಿ ಸಂಗ್ರಹಿಸಿಡುತ್ತಿದೆ ಎಂದು 2025ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮತ್ತು ಇಸ್ರೇಲಿನದೇ ಪತ್ರಕರ್ತರು ಸೇರಿ ಬಯಲು ಮಾಡಿದರು. ಕಂಪೆನಿಯ ನೌಕರರೂ ಪ್ರತಿಭಟಿಸಿದರು. ಸೆಪ್ಟೆಂಬರ್ 25ರಂದು ಮೈಕ್ರೋಸಾಫ್ಟ್ ಆ ದಳಕ್ಕೆ ನೀಡುತ್ತಿದ್ದ ಕೆಲವು ಸೇವೆಗಳನ್ನು ನಿಲ್ಲಿಸಿತು. ಅದು ಆಗಬೇಕಾಗಿದ್ದ ಕೆಲಸ. ಅದಕ್ಕಾಗಿ ದನಿಯೆತ್ತಿದ, ಕೆಲವರಂತೂ ಕೆಲಸವನ್ನೇ ಕಳೆದುಕೊಂಡ ಆ ನೌಕರರಿಗೆ ನಾವು ಋಣಿಗಳು.

ಆದರೆ ಖುಷಿಪಟ್ಟು ಸುಮ್ಮನಾಗುವ ಮೊದಲು ಯೋಚಿಸೋಣ. ಜುಲೈಯಲ್ಲಿ ಭಾರತದ ತೈಲ ಕಂಪೆನಿಯನ್ನು ಹೊರಗಿಟ್ಟ ಸ್ವಿಚ್ಚು, ಸೆಪ್ಟೆಂಬರಿನಲ್ಲಿ ಬೇಹುಗಾರ ದಳವನ್ನು ಹೊರಗಿಟ್ಟ ಸ್ವಿಚ್ಚು, ಎರಡೂ ಒಂದೇ ಕೈಯಲ್ಲಿವೆ. ಇಂದು ನಮಗೆ ಒಪ್ಪಿತವಾದ ಕಾರಣಕ್ಕೆ ಅದು ಆಡಿತು. ನಾಳೆ ಯಾವ ಕಾರಣಕ್ಕೆ ಆಡೀತು? ತಪ್ಪು ಯಾರದ್ದೆಂದು ತೀರ್ಮಾನಿಸಿದ್ದು ನ್ಯಾಯಾಲಯವಲ್ಲ, ಕಂಪೆನಿಯ ಆಡಳಿತವರ್ಗ. ಅದೂ ಪತ್ರಿಕೆಯೊಂದು ಬಯಲಿಗೆಳೆದ ಮೇಲೆ. 2021ರಲ್ಲಿ ಗೂಗಲ್ ಮತ್ತು ಅಮೆಜಾನ್ ಇಸ್ರೇಲ್ ಸರಕಾರದೊಂದಿಗೆ ಮಾಡಿಕೊಂಡ 120 ಕೋಟಿ ಡಾಲರ್‌ಗಳ 'ನಿಂಬಸ್' ಒಪ್ಪಂದದ ವಿರುದ್ಧ ಎಷ್ಟು ಕೂಗಾಡಿದರೂ ಆ ಕಂಪೆನಿಗಳು ಜಗ್ಗಲಿಲ್ಲ. ದನಿಯೆತ್ತಿದ ಹತ್ತಾರು ನೌಕರರನ್ನು ಗೂಗಲ್ 2024ರಲ್ಲಿ ಮನೆಗೆ ಕಳುಹಿಸಿತು. ನ್ಯಾಯವು ಯಜಮಾನನ ಮರ್ಜಿಯಾಗಿರುವಲ್ಲಿ ಅದು ನ್ಯಾಯವಲ್ಲ, ಭಿಕ್ಷೆ.

ಕಾನೂನಿನ ಬಲವೂ ಆ ಯಜಮಾನನ ಕಡೆಗೇ ಇದೆ. ಅಮೆರಿಕ 2018ರಲ್ಲಿ ಮಾಡಿದ 'ಕ್ಲೌಡ್ ಆಕ್ಟ್' ಪ್ರಕಾರ, ಅಮೆರಿಕದ ಕಾನೂನಿಗೆ ಒಳಪಟ್ಟ ಕಂಪೆನಿ ತನ್ನ ವಶದಲ್ಲಿರುವ ಮಾಹಿತಿಯನ್ನು, ಅದು ಜಗತ್ತಿನ ಯಾವ ಮೂಲೆಯ ಸರ್ವರಿನಲ್ಲಿದ್ದರೂ, ಅಲ್ಲಿನ ಕಾನೂನುಬದ್ಧ ಆದೇಶ ಬಂದರೆ ಒಪ್ಪಿಸಬೇಕಾಗುತ್ತದೆ. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಮುಂದೆ ಪ್ರಮಾಣ ಮಾಡಿದ ಮೈಕ್ರೋಸಾಫ್ಟ್ ಅಧಿಕಾರಿ, ಫ್ರೆಂಚ್ ನಾಗರಿಕರ ಮಾಹಿತಿ ಹಾಗೆ ಹೋಗುವುದಿಲ್ಲವೆಂದು ಖಾತರಿ ಕೊಡಲಾರೆ ಎಂದೇ ಒಪ್ಪಿಕೊಂಡರು. "ನಮ್ಮ ಡಾಟಾ ಮುಂಬೈಯಲ್ಲೇ ಇದೆ ಸಾರ್, ಚಿಂತೆ ಬೇಡ" ಎನ್ನುವ ಮಾರಾಟ ಪ್ರತಿನಿಧಿಗೆ ಈ ಸಂಗತಿ ಗೊತ್ತಿದೆಯೇ?

ಹೊಣೆ ನಮ್ಮದು, ಕರಾರು ಅವರದು

ಈಗ ಅತ್ಯಂತ ಅನ್ಯಾಯದ ಭಾಗಕ್ಕೆ ಬರೋಣ. ಭಾರತದ 2023ರ ವೈಯಕ್ತಿಕ ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜನರಿಂದ ಮಾಹಿತಿ ಪಡೆದವನೇ ಅದಕ್ಕೆ ಹೊಣೆ. ಅವನು ಅದನ್ನು ಯಾರ ಸರ್ವರಿನಲ್ಲಿಟ್ಟಿದ್ದರೂ ಹೊಣೆ ತಪ್ಪುವುದಿಲ್ಲ. ಭದ್ರತಾ ಲೋಪವಾದರೆ ದಂಡ 250 ಕೋಟಿ ರೂಪಾಯಿಯ ತನಕ ಹೋಗಬಹುದು. ತತ್ವತಃ ಇದು ಸರಿ. ರೋಗಿ ತನ್ನ ಕಾಯಿಲೆಯನ್ನು ಹೇಳಿಕೊಂಡದ್ದು ವೈದ್ಯನಲ್ಲಿ, ಅಮೆಜಾನ್‌ನಲ್ಲಿ ಅಲ್ಲ. ಆದರೆ ಆ ನರ್ಸಿಂಗ್ ಹೋಮಿಗೆ ಕ್ಲೌಡ್ ಕಂಪೆನಿಯೊಂದಿಗೆ ಕುಳಿತು ಕರಾರಿನ ಒಂದು ಪದವನ್ನಾದರೂ ಬದಲಿಸುವ ಶಕ್ತಿಯಿದೆಯೇ? ಸಣ್ಣ ಅಕ್ಷರಗಳ ಉದ್ದನೆಯ ಪತ್ರ ಬರುತ್ತದೆ, ಕೆಳಗೆ 'ಒಪ್ಪಿದ್ದೇನೆ' ಎಂಬ ಗುಂಡಿ ಇರುತ್ತದೆ. ಒತ್ತಬೇಕು, ಇಲ್ಲವೇ ಹೊರಡಬೇಕು. ಸೇವೆ ಕೈಕೊಟ್ಟರೆ ಕಂಪೆನಿ ಕೊಡುವುದು ಸಾಮಾನ್ಯವಾಗಿ ತಿಂಗಳ ಬಾಡಿಗೆಯಲ್ಲಿ ಒಂದಿಷ್ಟು ರಿಯಾಯಿತಿ. ಕಳೆದುಹೋದ ಗಿರಾಕಿಯ, ಮುರಿದ ವಿಶ್ವಾಸದ ಬೆಲೆಯನ್ನಲ್ಲ.

ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಐಟಿ ಸೇವೆಗಳ ಹೊರಗುತ್ತಿಗೆ ಕುರಿತು ವಿವರವಾದ ನಿರ್ದೇಶನ ಹೊರಡಿಸಿತು. ಹೊರಗಿನವರಿಗೆ ಕೆಲಸ ಕೊಟ್ಟರೂ ಹೊಣೆ ಬ್ಯಾಂಕಿನದೇ, ಗುತ್ತಿಗೆಯಿಂದ ಹೊರಬರುವ ದಾರಿ ಮೊದಲೇ ಸಿದ್ಧವಿರಬೇಕು ಎಂದು ಅದರಲ್ಲಿತ್ತು. ಒಳ್ಳೆಯ ನಿರ್ದೇಶನ. ಆದರೆ ಚಿಕ್ಕ ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು. ಸಣ್ಣವರಿಗೆ ಹೊರೆಯಾಗದಿರಲಿ ಎಂಬ ಉದ್ದೇಶವಿರಬಹುದು. ಮರುವರ್ಷ ಸಿ-ಎಡ್ಜ್ ಬಾಗಿಲು ಮುಚ್ಚಿದಾಗ ಪೆಟ್ಟು ತಿಂದವರು ಸಣ್ಣವರೇ.

ವ್ಯವಹಾರದ ಕರಾರಿಗೆ ಧರ್ಮಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ಅವರು ತಿಳಿಯಲಿ. ಅಲ್ ಬಕರಃ ಅಧ್ಯಾಯದ 282ನೆಯ ಆ ಸೂಕ್ತ ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮ ಬರೆದಿಡುವ ಬಗ್ಗೆ ಇದೆ. ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು ಎಂಬ ತಾಕೀತೂ ಅಲ್ಲಿದೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಕರಾರಿನ ಒಕ್ಕಣೆಯನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟ ಬಲಶಾಲಿಯಲ್ಲ, ಸಾಲದ ಭಾರ ಹೊತ್ತವನು. ಅವನಿಗೆ ಅದು ಸಾಧ್ಯವಾಗದಿದ್ದರೆ ಅವನ ಪರವಾಗಿ ಪೋಷಕನೊಬ್ಬ ನ್ಯಾಯಯುತವಾಗಿ ಬರೆಸಬೇಕು. ಅಂದರೆ ಹೊಣೆ ಹೊರುವವನಿಗೆ ಕರಾರಿನಲ್ಲಿ ದನಿಯಿರಬೇಕು. ಇಂದಿನ ಕ್ಲೌಡ್ ಕರಾರುಗಳಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಬಲಶಾಲಿ ಬರೆಯುತ್ತಾನೆ, ಹೊಣೆ ಹೊರುವವನು ಗುಂಡಿ ಒತ್ತುತ್ತಾನೆ.

ಜೊತೆಗೆ ಅಮಾನತ್ತಿನ ಪ್ರಶ್ನೆಯೂ ಇದೆ. ಗಿರಾಕಿಯ ಸಾಲದ ಲೆಕ್ಕ, ರೋಗಿಯ ವರದಿ, ವಿದ್ಯಾರ್ಥಿನಿಯ ಭಾವಚಿತ್ರ ಮತ್ತು ವಿಳಾಸ, ಝಕಾತ್ ಪಡೆಯುವ ಬಡವನ ಹೆಸರು – ಇವೆಲ್ಲ ನಮ್ಮ ಸ್ವತ್ತಲ್ಲ, ನಮ್ಮ ಬಳಿ ಇಡಲಾದ ಅಮಾನತ್ತು. ನೆರೆಯವನು ನಂಬಿ ಕೊಟ್ಟ ಒಡವೆಯ ಗಂಟನ್ನು ಅವನಿಗೆ ಹೇಳದೆ ಮೂರನೆಯವನ ಮನೆಯಲ್ಲಿಟ್ಟು, ಕಳೆದುಹೋದಾಗ "ಆ ಮನೆಯವರನ್ನೇ ಕೇಳಿ" ಎನ್ನುವವನನ್ನು ನಮ್ಮ ಸಮಾಜ ಏನೆಂದು ಕರೆಯುತ್ತದೆ? ಕಂಪ್ಯೂಟರ್ ಬಂದ ಮಾತ್ರಕ್ಕೆ ಆ ಪದ ಬದಲಾಗುವುದಿಲ್ಲ.

ದಾರಿ ಇಲ್ಲದಿಲ್ಲ

ಹಾಗಾದರೆ ಕ್ಲೌಡ್ ಬಿಟ್ಟು ಓಡಬೇಕೇ? ಬೇಡ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಗೆ ಬಂದ ಗಂಡಾಂತರವನ್ನೂ ಅದು ಪಾರಾದ ಬಗೆಯನ್ನೂ ನೋಡಿ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ನಿವೃತ್ತಿಯ ಉಳಿತಾಯ ನೋಡಿಕೊಳ್ಳುವ ನಿಧಿ ಅದು. ಅದರ ಖಾಸಗಿ ಕ್ಲೌಡನ್ನು ಸಿದ್ಧಪಡಿಸುವಾಗ ಗೂಗಲ್‌ನವರು ಒಂದು ಜಾಗವನ್ನು ಖಾಲಿ ಬಿಟ್ಟಿದ್ದರು. ಅದರಿಂದಾಗಿ ಒಂದು ವರ್ಷದ ಅವಧಿ ತಾನಾಗಿ ನಮೂದಾಯಿತು. ಅವಧಿ ಮುಗಿದ ದಿನ ಆ ಕ್ಲೌಡ್ ಯಾವ ಎಚ್ಚರಿಕೆಯೂ ಇಲ್ಲದೆ ಅಳಿಸಿಹೋಯಿತು. ಸದಸ್ಯರು ವಾರಕ್ಕೂ ಹೆಚ್ಚು ಕಾಲ ತಮ್ಮ ಖಾತೆ ನೋಡಲಾರದೆ ಹೋದರು. ಆದರೆ ಮಾಹಿತಿ ಉಳಿಯಿತು. ಕಾರಣ, ಆ ನಿಧಿ ತನ್ನ ಬ್ಯಾಕಪ್ ಪ್ರತಿಗಳನ್ನು ಬೇರೊಂದು ಸೇವಾದಾರರ ಬಳಿಯೂ ಇಟ್ಟಿತ್ತು.

ನಮ್ಮ ಉದ್ಯಮಿಗಳು, ಸಂಘಸಂಸ್ಥೆಗಳು ಕಲಿಯಬೇಕಾದದ್ದು ಇಷ್ಟೇ. ಲೆಕ್ಕಪತ್ರದ ಒಂದು ಪ್ರತಿ ಆ ಕ್ಲೌಡಿನ ಯಜಮಾನನ ಕೈಗೆಟುಕದ ಜಾಗದಲ್ಲಿರಲಿ. ಸಣ್ಣ ಅಂಗಡಿಗೆ ಒಂದು ಹಾರ್ಡ್ ಡಿಸ್ಕ್ ಸಾಕು, ಆದರೆ ಪ್ರತಿ ತೆಗೆದ ಮೇಲೆ ಅದನ್ನು ಕಂಪ್ಯೂಟರಿನಿಂದ ಬಿಡಿಸಿಡಬೇಕು. ಆ ಪ್ರತಿಯಿಂದ ನಿಜವಾಗಿಯೂ ಕೆಲಸ ಆರಂಭಿಸಲು ಆಗುತ್ತದೆಯೇ ಎಂದು ವರ್ಷಕ್ಕೆರಡು ಬಾರಿಯಾದರೂ ಪರೀಕ್ಷಿಸಬೇಕು. ಪರೀಕ್ಷಿಸದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಖಾತೆಯ ಪಾಸ್‌ವರ್ಡ್ ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗನ ಬಳಿ ಮಾತ್ರವಲ್ಲ, ಸಂಸ್ಥೆಯ ಹೆಸರಿನಲ್ಲೂ ಇರಬೇಕು. ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಬಿಟ್ಟುಹೋಗುವಾಗ ನಮ್ಮ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡುತ್ತೀರಿ? ಅದಕ್ಕೆಷ್ಟು ಹಣ? ಸೇವೆ ನಿಲ್ಲಿಸುವ ಮೊದಲು ಎಷ್ಟು ದಿನಗಳ ನೋಟೀಸು?

ಇನ್ನು ಸರಕಾರದ ಪಾಲಿನ ಕೆಲಸವಿದೆ. ಐರೋಪ್ಯ ಒಕ್ಕೂಟದ 'ಡಾಟಾ ಆಕ್ಟ್' 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. ಗಿರಾಕಿ ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಅಡ್ಡಿ ಮಾಡುವಂತಿಲ್ಲ, 2027ರ ಜನವರಿ 12ರಿಂದ ಅದಕ್ಕಾಗಿ ಶುಲ್ಕವನ್ನೂ ವಸೂಲು ಮಾಡುವಂತಿಲ್ಲ ಎನ್ನುತ್ತದೆ ಆ ಕಾನೂನು. ಅದು ರೂಪುಗೊಂಡ ಮೇಲೆಯೇ, 2024ರ ಆರಂಭದಲ್ಲಿ, ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಮಾಹಿತಿ ಸಾಗಣೆಯ ಶುಲ್ಕ ಬಿಡುತ್ತೇವೆಂದು ಘೋಷಿಸಿದವು. ಕಾನೂನಿನ ಬೆತ್ತ ಕಂಡರೆ ದೈತ್ಯರೂ ಬಾಗುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೊಬೈಲ್ ನಂಬರ್ ಬದಲಿಸದೆ ಕಂಪೆನಿ ಬದಲಿಸುವ ಹಕ್ಕನ್ನು ಇದೇ ದೇಶ 2011ರಲ್ಲಿ ಜನರಿಗೆ ಕೊಟ್ಟಿದೆ. ಸಣ್ಣ ಉದ್ಯಮಿಯ ಲೆಕ್ಕಪುಸ್ತಕಕ್ಕೆ ಅಂಥ ಹಕ್ಕು ಯಾಕಿಲ್ಲ? ಭಾರತೀಯ ನ್ಯಾಯಾಲಯದ ಅಥವಾ ಭಾರತೀಯ ಕಾನೂನಿನ ಆದೇಶವಿಲ್ಲದೆ, ಹಣ ಪಾವತಿಸಿದ ಗಿರಾಕಿಗೆ ನೋಟೀಸೂ ಕೊಡದೆ ಸೇವೆ ಕಡಿಯಬಾರದು ಎಂಬ ನಿಯಮ ಯಾಕಿಲ್ಲ? ನಯಾರಾ ಪ್ರಕರಣ ನ್ಯಾಯಾಲಯದ ತೀರ್ಪಿನವರೆಗೂ ಹೋಗದೆ ಮುಗಿದದ್ದರಿಂದ ಈ ಪ್ರಶ್ನೆಗೆ ಉತ್ತರ ಹಾಗೆಯೇ ಬಾಕಿ ಉಳಿದಿದೆ.

ಬೆಂಗಳೂರು ಇಡೀ ಜಗತ್ತಿನ ಕಂಪೆನಿಗಳನ್ನು ಕ್ಲೌಡಿಗೆ ಹತ್ತಿಸಿಕೊಡುವ ನಗರ. ಆ ಕೆಲಸದಲ್ಲಿ ನಮ್ಮ ಸಮುದಾಯದ ತರುಣ ತರುಣಿಯರೂ ಸಾಕಷ್ಟು ಮಂದಿ ಇದ್ದಾರೆ. ಹತ್ತುವ ಏಣಿ ಹಾಕಲು ಬಲ್ಲವರು ಇಳಿಯುವ ಏಣಿಯನ್ನೂ ಹಾಕಿಕೊಡಬಲ್ಲರು. ತಿಂಗಳಿಗೊಂದು ರವಿವಾರ ತಮ್ಮೂರಿನ ಸಹಕಾರಿ ಸಂಘಕ್ಕೋ ಶಾಲೆಗೋ ಆಸ್ಪತ್ರೆಗೋ ಹೋಗಿ, ಅಲ್ಲಿನ ಕರಾರುಪತ್ರವನ್ನು ಕನ್ನಡದಲ್ಲಿ ವಿವರಿಸಿ, ಒಂದು ಪ್ರತಿಯನ್ನು ಹೊರಗೆ ತೆಗೆದಿಡುವುದನ್ನು ಕಲಿಸಿಕೊಟ್ಟರೆ ಅದೂ ಸಮಾಜಸೇವೆಯೇ.

ಬಾಡಿಗೆ ಕೊಡೋಣ. ಆದರೆ ಕರಾರು ಓದಿ ಕೊಡೋಣ, ಕೀಲಿಯ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಕೊಡೋಣ. ಜನರು ನಂಬಿ ಕೊಟ್ಟದ್ದನ್ನು ಕೇಳಿದಾಗ ಹಿಂದಿರುಗಿಸಲಾಗದ ವ್ಯವಸ್ಥೆಗೆ ಎಷ್ಟು ಹೊಸ ಹೆಸರಿಟ್ಟರೂ ಅದು ಪ್ರಗತಿಯಾಗುವುದಿಲ್ಲ.